ಡಿ ಮೇಜರ್ ಕ್ವಾರ್ಟೆಟ್‌ನಿಂದ ಕ್ಲಾರಿನೆಟ್, ಆಲ್ಟೋ ಸ್ಯಾಕ್ಸ್, ಹಾರ್ನ್ ಪಾರ್ಟ್: ಕೀ ಸಿಗ್ನೇಚರ್ ಯಾವುದೂ ಸರಿಯಾಗುತ್ತಿಲ್ಲ

ಐದುಗೆರೆ (ಪ್ರಶ್ನೆ)

ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಸ್ಕೋರನ್ನು ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ 4ರಲ್ಲಿ ಮಿಶ್ರ ತಂಡಕ್ಕೆ ಹೊಂದಿಸುತ್ತಿದ್ದೇನೆ. ಹಂಚಿಕೆ ಹೀಗಿದೆ: ಮೊದಲ ವಯಲಿನ್ ಸಾಲು ಫ್ಲೂಟ್‌ಗೆ, ಎರಡನೇ ವಯಲಿನ್ ಬಿ-ಫ್ಲಾಟ್ ಕ್ಲಾರಿನೆಟ್‌ಗೆ, ವಿಯೋಲಾ ಸಾಲು ಇ-ಫ್ಲಾಟ್ ಆಲ್ಟೋ ಸ್ಯಾಕ್ಸಫೋನ್‌ಗೆ. ಚೆಲ್ಲೊ ಹಾಗೆಯೇ ಉಳಿಯುತ್ತದೆ. ಎಫ್ ಹಾರ್ನ್ ಕೂಡ ಒಂದಿದೆ. ವಿಯೋಲಾದ ಡಬಲ್ ಸ್ಟಾಪ್‌ಗಳಲ್ಲಿ (ಎರಡು ತಂತಿ ಒಟ್ಟಿಗೆ ನುಡಿಸುವಲ್ಲಿ) ಕೆಳಗಿನ ಸ್ವರ ಅದಕ್ಕೆ.

ಕೃತಿ ಡಿ ಮೇಜರ್‌ನಲ್ಲಿದೆ, ನಡುವಿನ ಭಾಗ ಇ ಮೇಜರ್‌ಗೆ ಹೋಗುತ್ತದೆ. ಹೊಸ ವಾದ್ಯಗಳ ಸಾಲು ಸೇರಿಸಿ, ಸ್ಟ್ರಿಂಗ್ ಸಾಲುಗಳನ್ನು ಅಲ್ಲಿಗೆ ಕಾಪಿ ಮಾಡಿ, ಕ್ಲಾರಿನೆಟ್, ಆಲ್ಟೋ, ಹಾರ್ನ್ ಬರೆದ ಸ್ವರಕ್ಕಿಂತ ಕೆಳಗೆ ಕೇಳುವುದರಿಂದ ಟೂಲ್ಸ್ ಮೆನುವಿನ ಟ್ರಾನ್ಸ್‌ಪೋಸ್‌ನಲ್ಲಿ ಕ್ಲಾರಿನೆಟ್ಟನ್ನು ಮೇಜರ್ ಸೆಕೆಂಡ್ ಮೇಲಕ್ಕೆ, ಆಲ್ಟೋವನ್ನು ಮೇಜರ್ ಸಿಕ್ಸ್ತ್ ಮೇಲಕ್ಕೆ, ಹಾರ್ನನ್ನು ಪರ್ಫೆಕ್ಟ್ ಫಿಫ್ತ್ ಮೇಲಕ್ಕೆ ಏರಿಸಿದೆ. ಈಗ ಡಿ ಮೇಜರ್ ಭಾಗದ ಕೀ ಸಿಗ್ನೇಚರ್‌ನಲ್ಲಿ (ಸಾಲಿನ ಆರಂಭದ ಶಾರ್ಪ್, ಫ್ಲಾಟ್ ಗುರುತುಗಳಲ್ಲಿ) ಕ್ಲಾರಿನೆಟ್‌ಗೆ 6 ಶಾರ್ಪ್, ಆಲ್ಟೋಗೆ 4 ಫ್ಲಾಟ್, ಹಾರ್ನ್‌ಗೆ 4 ಶಾರ್ಪ್ ಕಾಣುತ್ತಿವೆ. ಪ್ಲೇ ಮಾಡಿದರೆ ಫ್ಲೂಟ್ ಮತ್ತು ಚೆಲ್ಲೊ ಒಂದು ಶ್ರುತಿಯಲ್ಲಿ, ಉಳಿದ ಮೂವರು ಮೂರು ದಿಕ್ಕಿಗೆ. ಲೆಕ್ಕದ ಪ್ರಕಾರ ಇಂಟರ್ವಲ್‌ಗಳು ಸರಿಯಾಗಿಯೇ ಇವೆಯಲ್ಲ?

ಮಂದ್ರಸ್ಥಾಯಿ

ಇಂಟರ್ವಲ್ ಸರಿ, ಆದರೆ ಎರಡು ಸಲ ಏರಿದೆ. ನೀವು ಸೇರಿಸಿದ ಸಾಲಿಗೆ ತಾನು ಬಿ-ಫ್ಲಾಟ್ ಕ್ಲಾರಿನೆಟ್ ಎಂದು ಮೊದಲೇ ಗೊತ್ತು. ಕಾನ್ಸರ್ಟ್ ಪಿಚ್ ಗುಂಡಿ (ಆನ್ ಇದ್ದರೆ ಎಲ್ಲ ಸಾಲೂ ಕೇಳುವ ಸ್ವರದಲ್ಲೇ ಕಾಣುತ್ತದೆ) ಆಫ್ ಇದ್ದಾಗ ಅದು ತಾನಾಗಿಯೇ ಮೇಜರ್ ಸೆಕೆಂಡ್ ಏರಿಸಿ ತೋರಿಸುತ್ತದೆ. ಅದರ ಮೇಲೆ ನೀವೂ ಕೈಯಿಂದ ಏರಿಸಿದ್ದೀರಿ.

ನಿಮ್ಮ ಅಂಕಿಗಳೇ ಇದನ್ನು ಹೇಳುತ್ತವೆ. ಬಿ-ಫ್ಲಾಟ್ ವಾದ್ಯಕ್ಕೆ 2 ಶಾರ್ಪ್ ಕೂಡಬೇಕು, ಇ-ಫ್ಲಾಟ್ ವಾದ್ಯಕ್ಕೆ 3, ಎಫ್ ವಾದ್ಯಕ್ಕೆ 1. ಮೂಲದಲ್ಲಿ 2 ಶಾರ್ಪ್ ಇರುವುದರಿಂದ ಕ್ಲಾರಿನೆಟ್‌ಗೆ 4, ಆಲ್ಟೋಗೆ 5, ಹಾರ್ನ್‌ಗೆ 3 ಬರಬೇಕಿತ್ತು. ಕ್ಲಾರಿನೆಟ್‌ನಲ್ಲಿ 2+2+2 ಆಗಿ 6 ಬಂದಿದೆ, ಹಾರ್ನ್‌ನಲ್ಲಿ 2+1+1 ಆಗಿ 4. ಆಲ್ಟೋದಲ್ಲಿ 2+3+3, ಅಂದರೆ 8 ಶಾರ್ಪ್‌ನ ಜಿ-ಶಾರ್ಪ್ ಮೇಜರ್; ಅಂಥ ಕೀ ಸಿಗ್ನೇಚರ್ ಇಲ್ಲದ ಕಾರಣ ಅದನ್ನು 4 ಫ್ಲಾಟ್‌ನ ಎ-ಫ್ಲಾಟ್ ಮೇಜರ್ ಮಾಡಿ ತೋರಿಸಿದೆ. ಫ್ಲಾಟ್ ಹೇಗೆ ಬಂತು ಎಂಬ ಗೊಂದಲಕ್ಕೆ ಕಾರಣ ಇಷ್ಟೇ.

ಫೈಲಿನೊಳಗೆ ಉಳಿಯುವುದು ಕೇಳುವ ಸ್ವರ. ಬರೆದು ತೋರಿಸುವ ಸ್ವರ ಅದರ ಮೇಲೆ ವಾದ್ಯದ ಸೆಟ್ಟಿಂಗ್ ಹಾಕಿದ ಒಂದು ನೋಟ ಮಾತ್ರ. ಹಾಗಾಗಿ ಪಾರ್ಟ್ (ಒಬ್ಬೊಬ್ಬ ವಾದಕರ ಪ್ರತಿ) ಮಾಡುವಾಗ ಸ್ವರಗಳನ್ನು ಮುಟ್ಟಬಾರದು, ವಾದ್ಯವನ್ನು ಬದಲಿಸಬೇಕು. ಟ್ರಾನ್ಸ್‌ಪೋಸ್ ಡೈಲಾಗ್ ಇರುವುದು ನಿಜವಾಗಿ ಶ್ರುತಿಯೇ ಬದಲಾಗಬೇಕಾದಾಗ.

ಸರಿಪಡಿಸಲು ಎರಡು ದಾರಿ. ಕಾಪಿ ಮಾಡಿದ ಮೇಲೆ ಹೆಚ್ಚು ಕೆಲಸ ಮಾಡಿಲ್ಲದಿದ್ದರೆ ಮೂಲ ಕ್ವಾರ್ಟೆಟ್ ಫೈಲಿನ ಹೊಸ ಪ್ರತಿ ತೆರೆಯಿರಿ. ಎಫ್7 ಒತ್ತಿದರೆ ಎಡಗಡೆ ಇನ್‌ಸ್ಟ್ರುಮೆಂಟ್ಸ್ ಪ್ಯಾನೆಲ್ ಬರುತ್ತದೆ. ಎರಡನೇ ವಯಲಿನ್ ಪಕ್ಕದ ಗಿಯರ್ ಚಿಹ್ನೆ ಒತ್ತಿ, ರಿಪ್ಲೇಸ್ ಇನ್‌ಸ್ಟ್ರುಮೆಂಟ್ ಆರಿಸಿ, ಕ್ಲಾರಿನೆಟ್ ಹುಡುಕಿ, ಬಿ-ಫ್ಲಾಟ್ ಎಂಬುದನ್ನೇ ಆರಿಸಿ (ಅದೇ ಪಟ್ಟಿಯಲ್ಲಿ ಎ ಕ್ಲಾರಿನೆಟ್ ಕೂಡ ಇರುತ್ತದೆ). ವಿಯೋಲಾವನ್ನೂ ಹೀಗೆಯೇ ಆಲ್ಟೋ ಸ್ಯಾಕ್ಸ್ ಮಾಡಿ. ಕೇಳುವ ಸ್ವರ ಕದಲುವುದಿಲ್ಲ, ಬರೆದದ್ದು ಮಾತ್ರ ಬದಲಾಗುತ್ತದೆ.

ಈಗಿನ ಫೈಲಿನಲ್ಲೇ ತುಂಬಾ ತಿದ್ದಿದ್ದರೆ, ಒಂದೊಂದೇ ಸಾಲು ಪೂರ್ತಿ ಆಯ್ದುಕೊಂಡು ಏರಿಸಿದಷ್ಟೇ ಇಳಿಸಿ: ಕ್ಲಾರಿನೆಟ್ ಮೇಜರ್ ಸೆಕೆಂಡ್ ಕೆಳಕ್ಕೆ, ಆಲ್ಟೋ ಮೇಜರ್ ಸಿಕ್ಸ್ತ್ ಕೆಳಕ್ಕೆ, ಹಾರ್ನ್ ಪರ್ಫೆಕ್ಟ್ ಫಿಫ್ತ್ ಕೆಳಕ್ಕೆ. ಡೈಲಾಗ್‌ನಲ್ಲಿ ಬೈ ಇಂಟರ್ವಲ್ ಆಯ್ಕೆಯೇ ಇರಲಿ, ಟ್ರಾನ್ಸ್‌ಪೋಸ್ ಕೀ ಸಿಗ್ನೇಚರ್ಸ್ ಮೇಲೆ ಟಿಕ್ ಇರಲಿ. ಟಿಕ್ ಬಿಟ್ಟುಹೋದರೆ ಸ್ವರ ಸರಿಯಾದ ಜಾಗಕ್ಕೆ ಬಂದರೂ ಪ್ರತಿ ಬಾರ್‌ನಲ್ಲಿ ಬಿಡಿ ಶಾರ್ಪ್, ನ್ಯಾಚುರಲ್‌ಗಳ ಸಂತೆ.

ಆಮೇಲೆ ಪರೀಕ್ಷೆ ಸುಲಭ. ಎಲ್ಲಿ ಕೇಳುವ ಸ್ವರ ಎ ಇದೆಯೋ ಅಲ್ಲಿ ಕ್ಲಾರಿನೆಟ್ ಪಾರ್ಟ್‌ನಲ್ಲಿ ಬಿ, ಆಲ್ಟೋದಲ್ಲಿ ಎಫ್-ಶಾರ್ಪ್, ಹಾರ್ನ್‌ನಲ್ಲಿ ಇ ಇರಬೇಕು. ಕಾನ್ಸರ್ಟ್ ಪಿಚ್ ಆನ್ ಮಾಡಿದರೆ ಮೂರೂ ಕಡೆ ಎ ಕಾಣಬೇಕು. ಗುಂಡಿ ಆನ್ ಇರಲಿ ಆಫ್ ಇರಲಿ, ಪ್ಲೇ ಮಾಡಿದಾಗ ಕೇಳುವುದರಲ್ಲಿ ವ್ಯತ್ಯಾಸ ಇರಬಾರದು.

ಪ್ರತಿಕಾರ

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಆದರೆ ಅದನ್ನು ಸರಿಪಡಿಸಿದ ಮೇಲೂ ಈ ಪಾರ್ಟ್‌ಗಳನ್ನು ಯಾರೂ ಸಂತೋಷದಿಂದ ಓದುವುದಿಲ್ಲ. ಇ ಮೇಜರ್ ಭಾಗ ಬಂದಾಗ ಕ್ಲಾರಿನೆಟ್‌ಗೆ ಎಫ್-ಶಾರ್ಪ್ ಮೇಜರ್, 6 ಶಾರ್ಪ್. ಆಲ್ಟೋಗೆ ಸಿ-ಶಾರ್ಪ್ ಮೇಜರ್, 7 ಶಾರ್ಪ್. ಡಿ-ಫ್ಲಾಟ್ ಎಂದು ಬರೆದರೆ 5 ಫ್ಲಾಟ್. ಹಾರ್ನ್‌ಗೆ ಬಿ ಮೇಜರ್, 5 ಶಾರ್ಪ್. ಶಾರ್ಪ್ ಕೀಗಳು ಸ್ಟ್ರಿಂಗ್‌ಗೆ ಹಿತ, ಏಕೆಂದರೆ ಖಾಲಿ ತಂತಿಗಳು ಆ ಕಡೆಯವು. ಬಿ-ಫ್ಲಾಟ್, ಇ-ಫ್ಲಾಟ್ ವಾದ್ಯಗಳಿಗೆ ಅದೇ ತೊಂದರೆ.

ಇಡೀ ಕೃತಿಯನ್ನು ಅರ್ಧ ಸ್ವರ ಮೇಲಕ್ಕೆ ಒಯ್ಯಿರಿ. ಡಿ ಇ-ಫ್ಲಾಟ್ ಆಗುತ್ತದೆ, ಇ ಎಫ್ ಆಗುತ್ತದೆ. ಆಗ ಮೊದಲ ಭಾಗದಲ್ಲಿ ಕ್ಲಾರಿನೆಟ್‌ಗೆ ಎಫ್ ಮೇಜರ್ (1 ಫ್ಲಾಟ್), ಆಲ್ಟೋಗೆ ಸಿ ಮೇಜರ್ (ಏನೂ ಇಲ್ಲ), ಹಾರ್ನ್‌ಗೆ ಬಿ-ಫ್ಲಾಟ್ ಮೇಜರ್ (2 ಫ್ಲಾಟ್). ನಡುವಿನ ಭಾಗದಲ್ಲಿ ಅದೇ ಕ್ರಮದಲ್ಲಿ ಜಿ, ಡಿ, ಸಿ. ಅರ್ಧ ಸ್ವರ ಕೆಳಕ್ಕೆ ಇಳಿಸಿದರೂ ವಿಂಡ್ ವಾದ್ಯಗಳಿಗೆ ಸಲೀಸೇ, ಆದರೆ ಚೆಲ್ಲೊದ ಖಾಲಿ ಸಿ2 ಬಿ1 ಆಗಿಬಿಡುತ್ತದೆ, ಆ ಸ್ವರ ವಾದ್ಯದಲ್ಲೇ ಇಲ್ಲ. ಆದ್ದರಿಂದ ಮೇಲಕ್ಕೇ. (ಮಧ್ಯದ ಸಿಯನ್ನು ಸಿ4 ಎಂದು ಎಣಿಸಿದ್ದೇನೆ.)

ಮಂದ್ರಸ್ಥಾಯಿ ಹೇಳಿದ ಟ್ರಾನ್ಸ್‌ಪೋಸ್ ಡೈಲಾಗ್‌ಗೆ ನಿಜವಾದ ಕೆಲಸ ಇಲ್ಲಿದೆ. ಕಂಟ್ರೋಲ್ + ಎ ಒತ್ತಿ ಎಲ್ಲ ಸಾಲು ಆಯ್ದು, ಬೈ ಇಂಟರ್ವಲ್, ಮೇಲಕ್ಕೆ, ಮೈನರ್ ಸೆಕೆಂಡ್. ಆಗ್ಮೆಂಟೆಡ್ ಯೂನಿಸನ್ ಆರಿಸಬೇಡಿ. ಎರಡೂ ಕೀಲಿಮಣೆಯಲ್ಲಿ ಅರ್ಧ ಸ್ವರವೇ, ಆದರೆ ಆಗ್ಮೆಂಟೆಡ್ ಯೂನಿಸನ್ ಡಿಯನ್ನು ಡಿ-ಶಾರ್ಪ್ ಮಾಡುತ್ತದೆ; 9 ಶಾರ್ಪ್‌ನ ಮೇಜರ್‌ಗೆ ಲೆಕ್ಕ ಕಟ್ಟಲು ಹೋಗಿ ಸ್ವರಗಳ ಹೆಸರೆಲ್ಲ ಕೆಡುತ್ತವೆ. ಮುಗಿದ ಮೇಲೆ ನಡುವಿನ ಕೀ ಬದಲಾವಣೆಯೂ ಎಫ್ ಮೇಜರ್ ಆಗಿದೆಯೇ ನೋಡಿ.

ಸ್ಥಾಯಿಯ ವ್ಯಾಪ್ತಿಯಲ್ಲೂ ಇದರಿಂದ ಲಾಭ. ವಿಯೋಲಾದ ಅತಿ ಕೆಳಗಿನ ಸ್ವರ ಸಿ3. ಆಲ್ಟೋ ಸ್ಯಾಕ್ಸ್ ಬರೆದ ಬಿ-ಫ್ಲಾಟ್3 ವರೆಗೆ ಇಳಿಯುತ್ತದೆ, ಅದು ಕೇಳುವುದು ಡಿ-ಫ್ಲಾಟ್3 ಆಗಿ. ಡಿ ಮೇಜರ್‌ನಲ್ಲಿ ವಿಯೋಲಾದ ಸಿ3 ಆಲ್ಟೋಗೆ ಒಂದೇ ಅರ್ಧ ಸ್ವರದಲ್ಲಿ ತಪ್ಪಿಹೋಗುತ್ತಿತ್ತು. ಮೇಲಕ್ಕೆ ಒಯ್ದರೆ ಸರಿಯಾಗಿ ಆಲ್ಟೋದ ಕೊನೆಯ ಸ್ವರಕ್ಕೆ ಬಂದು ಕೂರುತ್ತದೆ. ಕೂರುತ್ತದೆ ಎಂದ ಮಾತ್ರಕ್ಕೆ ಬರೆಯಬೇಕಿಲ್ಲ. ಆಲ್ಟೋದ ಕೆಳಗಿನ ಬಿ-ಫ್ಲಾಟ್, ಬಿ ಮೆಲ್ಲಗೆ ಹುಟ್ಟುವುದಿಲ್ಲ. ಪಿಯಾನಿಸ್ಸಿಮೊ ಜಾಗದಲ್ಲಿ ಆ ಸ್ವರ ಸಿಡಿದು ಹೊರಬರುತ್ತದೆ. ಅಂಥ ಕಡೆ ಹಾರ್ನ್‌ಗೆ ಕೊಡಿ. ಅದೇ ಡಿ-ಫ್ಲಾಟ್3 ಹಾರ್ನ್‌ನಲ್ಲಿ ಬರೆದ ಎ-ಫ್ಲಾಟ್3, ಆರಾಮದ ಜಾಗ.

ಫ್ಲೂಟ್ ಕಡೆ ಎಚ್ಚರ ಬೇಕು. ವಯಲಿನ್ ಜಿ3 ವರೆಗೆ ಹೋಗುತ್ತದೆ, ಫ್ಲೂಟ್ ಸಿ4ಕ್ಕೆ ನಿಲ್ಲುತ್ತದೆ (ಬಿ ಫುಟ್ ಇದ್ದರೆ ಬಿ3). ಅದಕ್ಕಿಂತ ಕೆಳಗಿನ ನುಡಿಗಟ್ಟು ಬಂದಾಗ ಎರಡು ಸ್ವರ ಮಾತ್ರ ಮೇಲಿನ ಸ್ಥಾಯಿಗೆ ಹಾರಿಸಿದರೆ ಮಧುರ ಸಾಲು ಮುರಿಯುತ್ತದೆ. ಇಡೀ ನುಡಿಗಟ್ಟನ್ನೇ ಮೇಲಕ್ಕೆತ್ತಿ, ಅಥವಾ ಆ ಕೆಲವು ಬಾರ್‌ಗಳಲ್ಲಿ ಫ್ಲೂಟ್ ಮತ್ತು ಕ್ಲಾರಿನೆಟ್ ಸಾಲುಗಳನ್ನು ಅದಲುಬದಲು ಮಾಡಿ. ಕ್ಲಾರಿನೆಟ್ ಬರೆದ ಇ3, ಅಂದರೆ ಕೇಳುವ ಡಿ3 ವರೆಗೆ ಇಳಿಯುವುದರಿಂದ ವಯಲಿನ್ನಿನ ಯಾವ ಸ್ವರವೂ ಅದಕ್ಕೆ ಕೆಳಗಾಗುವುದಿಲ್ಲ.

ವ್ಯಾಪ್ತಿ ಮೀರಿದ ಸ್ವರಗಳನ್ನು ಮ್ಯೂಸ್‌ಸ್ಕೋರ್ ಬಣ್ಣ ಹಚ್ಚಿ ತೋರಿಸುತ್ತದೆ: ಕಲಿಯುವವರ ವ್ಯಾಪ್ತಿ ಮೀರಿದರೆ ಮಾಸಲು ಹಳದಿ, ವೃತ್ತಿಪರರ ವ್ಯಾಪ್ತಿ ಮೀರಿದರೆ ಕೆಂಪು. ಆ ಬಣ್ಣ ಪರದೆಯ ಮೇಲೆ ಮಾತ್ರ. ಪ್ರಿಂಟ್‌ನಲ್ಲಿ ಕಪ್ಪಾಗಿಯೇ ಬರುವುದರಿಂದ ಪಿಡಿಎಫ್ ನೋಡಿ ಎಲ್ಲ ಸರಿ ಎಂದುಕೊಳ್ಳಬೇಡಿ.

ಇನ್ನೊಂದು: ಸ್ಟ್ರಿಂಗ್ ಸಾಲಿನಿಂದ ಬಂದ ಕಸ ತೆಗೆಯಬೇಕು. ಬಿಲ್ಲಿನ ಮೇಲು–ಕೆಳಗು ಗುರುತು, ಪಿಜ್ಜಿಕಾಟೊ, ಆರ್ಕೊ, ಹಾರ್ಮೋನಿಕ್ ಸೊನ್ನೆ, ವಿಯೋಲಾದ ನಡುನಡುವಿನ ಕ್ಲೆಫ್ ಬದಲಾವಣೆ, ಎಲ್ಲವೂ ಸ್ಯಾಕ್ಸ್ ಪಾರ್ಟ್‌ನಲ್ಲೂ ಉಳಿದಿರುತ್ತವೆ. ಒಂದು ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ ಸೆಲೆಕ್ಟ್, ಮೋರ್, ಅಲ್ಲಿ ಅದೇ ಸಾಲು ಎಂದು ಟಿಕ್ ಮಾಡಿದರೆ ಆ ಜಾತಿಯವು ಒಟ್ಟಿಗೆ ಸಿಗುತ್ತವೆ, ಡಿಲೀಟ್ ಒತ್ತಿ. ಪಿಜ್ಜಿಕಾಟೊ ಇದ್ದ ಕಡೆ ಸ್ಟಕಾಟೊ ಚುಕ್ಕೆ ಹಾಕಿ. ಬಿಲ್ಲಿಗೆ ಹಾಕಿದ ಸ್ಲರ್ ಉಸಿರಿಗೆ ಹೊಂದುವುದಿಲ್ಲ, ಅದನ್ನು ಕೈಯಿಂದಲೇ ನೋಡಬೇಕು; ಅದಕ್ಕೆ ಅಡ್ಡದಾರಿ ಇಲ್ಲ.

ಜೋಡಿರೀಡ್

ಇಡೀ ಕೃತಿಯ ಶ್ರುತಿ ಬದಲಿಸುವುದು ಮೊದಲ ಉತ್ತರವಾಗಬಾರದು ಎಂದು ನನ್ನ ಅಭಿಪ್ರಾಯ. ಇ-ಫ್ಲಾಟ್ ಮೇಜರ್‌ಗೆ ಹೋದರೆ ಚೆಲ್ಲೊಗೆ ಖಾಲಿ ಡಿ, ಎ ತಂತಿಗಳ ಅನುರಣನ ಹೋಗುತ್ತದೆ. ಮೂಲದಲ್ಲಿ ಖಾಲಿ ಡಿ–ಎ ಒಟ್ಟಿಗೆ ನುಡಿಸುವ ಡಬಲ್ ಸ್ಟಾಪ್ ಇದ್ದರೆ ಅದು ಇ-ಫ್ಲಾಟ್–ಬಿ-ಫ್ಲಾಟ್ ಆಗುತ್ತದೆ. ಎರಡು ತಂತಿಯ ಮೇಲೆ ಒಂದೇ ಬೆರಳು ಅಡ್ಡ ಇಟ್ಟು ಹಿಡಿಯಬೇಕು. ನಿಧಾನ ಜಾಗದಲ್ಲಿ ಆಗುತ್ತದೆ, ವೇಗದಲ್ಲಿ ಶ್ರುತಿ ಜಾರುತ್ತದೆ.

ಎ ಕ್ಲಾರಿನೆಟ್ ಲಭ್ಯವಿದ್ದರೆ ಮೂಲ ಶ್ರುತಿಯಲ್ಲೇ ಡಿ ಮೇಜರ್ ಭಾಗ ಎಫ್ ಮೇಜರ್ ಆಗುತ್ತದೆ, ಇ ಮೇಜರ್ ಭಾಗ ಜಿ ಮೇಜರ್. ಆರ್ಕೆಸ್ಟ್ರಾ ಕ್ಲಾರಿನೆಟ್‌ನವರು ಎರಡು ವಾದ್ಯ ಹೊತ್ತು ಬರುವುದು ಇದಕ್ಕೇ. ರಿಪ್ಲೇಸ್ ಇನ್‌ಸ್ಟ್ರುಮೆಂಟ್‌ನಲ್ಲಿ ಬಿ-ಫ್ಲಾಟ್ ಬದಲು ಎ ಆರಿಸಿದರೆ ಮುಗಿಯಿತು. ಕೃತಿಯ ನಡುವೆ ವಾದ್ಯ ಬದಲಿಸಬೇಕಿದ್ದರೆ ಟೆಕ್ಸ್ಟ್ ಪ್ಯಾಲೆಟ್‌ನಲ್ಲಿರುವ ಚೇಂಜ್ ಇನ್‌ಸ್ಟ್ರುಮೆಂಟ್ ಅನ್ನೇ ಬಳಸಿ. ಬರೀ ಪಠ್ಯವಾಗಿ ಟೈಪ್ ಮಾಡಿದರೆ ಕಣ್ಣಿಗೆ ಕಾಣುತ್ತದೆ, ಟ್ರಾನ್ಸ್‌ಪೊಸಿಷನ್ ಬದಲಾಗುವುದಿಲ್ಲ.

ಆಲ್ಟೋದವರಿಗೆ ಮಾತ್ರ ಇದರಿಂದ ಉಪಕಾರವಿಲ್ಲ, ಅದು ನಿಜ. ಮೂಲ ಶ್ರುತಿ ಉಳಿಸಿಕೊಂಡರೆ ನಡುವಿನ ಭಾಗಕ್ಕೆ 7 ಶಾರ್ಪ್ ಬದಲು 5 ಫ್ಲಾಟ್ ಬರುವಂತೆ ಮಾಡಿ: ಸಾಲಿನ ಮೇಲೆ ಬಲ ಕ್ಲಿಕ್, ಸ್ಟಾಫ್/ಪಾರ್ಟ್ ಪ್ರಾಪರ್ಟೀಸ್, ಅಲ್ಲಿ ಟ್ರಾನ್ಸ್‌ಪೋಸ್ ಆದ ಕೀ ಸಿಗ್ನೇಚರ್‌ಗೆ ಶಾರ್ಪ್ ಬೇಕೋ ಫ್ಲಾಟ್ ಬೇಕೋ ಎಂದು ಕೇಳುವ ಆಯ್ಕೆ ಇದೆ.

ಹಾರ್ನ್ ಬಗ್ಗೆ ಒಂದು ಮಾತು. ಹಳೆಯ ಆರ್ಕೆಸ್ಟ್ರಾ ಪಾರ್ಟ್‌ಗಳಲ್ಲಿ ಹಾರ್ನ್‌ಗೆ ಕೀ ಸಿಗ್ನೇಚರ್ ಹಾಕದೆ ಪ್ರತಿ ಸ್ವರದ ಮುಂದೆ ಶಾರ್ಪ್, ಫ್ಲಾಟ್ ಬರೆಯುವ ರೂಢಿ ಇತ್ತು. ಈಗ ಕೀ ಸಿಗ್ನೇಚರ್ ಹಾಕುವುದೇ ಹೆಚ್ಚು, ಬ್ಯಾಂಡ್‌ನಲ್ಲಂತೂ ಕಡ್ಡಾಯ ಎಂಬಂತೆ. ನುಡಿಸುವವರು ಹಳೆಯ ಕ್ರಮವನ್ನೇ ಕೇಳಿದರೆ ಓಪನ್/ಅಟೋನಲ್ ಎಂಬ ಕೀ ಸಿಗ್ನೇಚರನ್ನು ಕಂಟ್ರೋಲ್ ಹಿಡಿದು ಹಾರ್ನ್ ಸಾಲಿನ ಮೇಲೆ ಎಳೆದು ಬಿಡಿ. ಕಂಟ್ರೋಲ್ ಹಿಡಿಯದೆ ಬಿಟ್ಟರೆ ಎಲ್ಲ ಸಾಲಿನ ಕೀಯೂ ಹೋಗುತ್ತದೆ.

ಐದುಗೆರೆ

ಧನ್ಯವಾದ. ಮೂಲ ಫೈಲಿನಿಂದ ಮತ್ತೆ ಶುರುಮಾಡಿ ವಾದ್ಯ ಬದಲಿಸಿದೆ, ಪ್ಲೇಬ್ಯಾಕ್ ಈಗ ಸರಿ. ಎ ಕ್ಲಾರಿನೆಟ್ ಇಲ್ಲ, ಹಾಗಾಗಿ ಅರ್ಧ ಸ್ವರ ಮೇಲಕ್ಕೆ ಒಯ್ಯುವ ಕಡೆಗೇ ವಾಲಿದ್ದೇನೆ. ಚೆಲ್ಲೊದಲ್ಲಿ ಡಿ–ಎ ಡಬಲ್ ಸ್ಟಾಪ್ ಎರಡೇ ಕಡೆ ಇದೆ, ಎರಡೂ ನಿಧಾನ ಭಾಗದಲ್ಲಿ.

ಮೂರು ವಿಷಯ ಉಳಿದಿವೆ. ಡಿ ಮೇಜರ್ ಪ್ರತಿಯಲ್ಲಿ ಎ-ಶಾರ್ಪ್–ಬಿ ಎಂದು ಇದ್ದ ಜಾಗದಲ್ಲಿ ಆಲ್ಟೋಗೆ ಎಫ್ ಡಬಲ್ ಶಾರ್ಪ್ ಬಂದಿತ್ತು. ಅದು ತಪ್ಪೇ? ಎರಡನೆಯದು, ಟ್ರಿಲ್ ಮೇಲಿದ್ದ ಫ್ಲಾಟ್ ಕ್ಲಾರಿನೆಟ್‌ನಲ್ಲೂ ಫ್ಲಾಟ್ ಆಗಿಯೇ ಇದೆ. ಮೂರನೆಯದು, ವೇಗ ನಿಧಾನಿಸಲು ಬರೆದ ಸೂಚನೆ ಫ್ಲೂಟ್ ಪಾರ್ಟ್‌ನಲ್ಲಿ ಮಾತ್ರ ಬಂದಿದೆ, ಬೇರೆಯವರಿಗೆ ಇಲ್ಲ.

ಮಂದ್ರಸ್ಥಾಯಿ

ಎಫ್ ಡಬಲ್ ಶಾರ್ಪ್ ತಪ್ಪಲ್ಲ. ಎಯಿಂದ ಮೇಜರ್ ಸಿಕ್ಸ್ತ್ ಮೇಲೆ ಎಫ್-ಶಾರ್ಪ್. ಎ-ಶಾರ್ಪ್‌ನಿಂದ ಎಣಿಸಿದರೆ ಎಫ್ ಡಬಲ್ ಶಾರ್ಪ್. ಅದು ಜಿ-ಶಾರ್ಪ್‌ಗೆ ಏರುವುದರಿಂದ ವ್ಯಾಕರಣವೂ ಸರಿ. ಜಿ ನ್ಯಾಚುರಲ್–ಜಿ-ಶಾರ್ಪ್ ಎಂದು ಬರೆದರೆ ಒಂದೇ ಗೆರೆಯ ಮೇಲೆ ಎರಡು ಚಿಹ್ನೆ ಬಂದು ವೇಗದ ಓದಿನಲ್ಲಿ ಎಡವುವ ಸಂಭವ ಹೆಚ್ಚು. ಆದರೂ ಡಬಲ್ ಶಾರ್ಪ್ ರೂಢಿಯಿಲ್ಲದವರಿಗೆ ಪಾರ್ಟ್ ಹೋಗುವುದಿದ್ದರೆ ಬದಲಿಸಬಹುದು. ಆಗ ಕೀಲಿ ನೋಡಿ ಒತ್ತಬೇಕು: ಬರೀ ಜೆ ಒತ್ತಿದರೆ ಸ್ವರದ ಹೆಸರು ಕಾನ್ಸರ್ಟ್ ಪಿಚ್‌ನಲ್ಲೂ ಟ್ರಾನ್ಸ್‌ಪೋಸ್ ಆದ ನೋಟದಲ್ಲೂ ಬದಲಾಗುತ್ತದೆ. ಕಂಟ್ರೋಲ್ + ಜೆ ಒತ್ತಿದರೆ ಈಗ ತೆರೆದಿರುವ ನೋಟದಲ್ಲಿ ಮಾತ್ರ. ಕಾನ್ಸರ್ಟ್ ಸ್ಕೋರ್‌ನ ಎ-ಶಾರ್ಪ್ ಹಾಗೆಯೇ ಉಳಿಯಬೇಕಾದರೆ ಎರಡನೆಯದೇ ಬೇಕು. ಟೂಲ್ಸ್‌ನಲ್ಲಿರುವ ರೀಸ್ಪೆಲ್ ಪಿಚಸ್ ಅನ್ನು ಇಡೀ ಕೃತಿಯ ಮೇಲೆ ಒಮ್ಮೆಲೇ ಹರಿಸಬೇಡಿ. ಸರಿ ಇದ್ದ ಹತ್ತು ಕಡೆ ಕೆಡಿಸಿ ಎರಡು ಕಡೆ ಸುಧಾರಿಸುತ್ತದೆ. ಅರ್ಧ ಸ್ವರ ಏರಿಸಿದ ಪ್ರತಿಯಲ್ಲಂತೂ ಅದೇ ಜಾಗ ಆಲ್ಟೋಗೆ ಜಿ-ಶಾರ್ಪ್–ಎ ಆಗುತ್ತದೆ, ತಕರಾರೇ ಇಲ್ಲ.

ಟ್ರಿಲ್ ವಿಷಯ ನಿಜಕ್ಕೂ ಅಪಾಯದ್ದು, ಪ್ಲೇಬ್ಯಾಕ್ ಕೇಳಿದರೂ ಸಿಕ್ಕಿಬೀಳದೆ ಹೋಗಬಹುದು. ಬರೀ ಚಿಹ್ನೆಯಾಗಿ ಟ್ರಿಲ್ ಮೇಲೆ ಕೂರಿಸಿದ ಫ್ಲಾಟ್ ಒಂದು ಚಿತ್ರ ಇದ್ದಂತೆ, ಅದು ಟ್ರಾನ್ಸ್‌ಪೋಸ್ ಆಗುವುದಿಲ್ಲ. ಇ-ಫ್ಲಾಟ್ ಮೇಜರ್ ಪ್ರತಿಯಲ್ಲಿ ಬಿ-ಫ್ಲಾಟ್ ಮೇಲಿನ ಟ್ರಿಲ್ ಸಿ-ಫ್ಲಾಟ್‌ಗೆ ಹೋಗಬೇಕು ಎಂದಿಟ್ಟುಕೊಳ್ಳಿ. ಕ್ಲಾರಿನೆಟ್‌ನಲ್ಲಿ ಅದು ಸಿ ಮತ್ತು ಡಿ-ಫ್ಲಾಟ್. ಎಫ್ ಮೇಜರ್‌ನಲ್ಲಿ ಡಿ ನ್ಯಾಚುರಲ್ ಇರುವುದರಿಂದ ಫ್ಲಾಟ್ ಸರಿಯೇ. ನಿಮ್ಮ ಡಿ ಮೇಜರ್ ಪ್ರತಿಯಲ್ಲಿ ಎ ಮೇಲಿನ ಟ್ರಿಲ್ ಬಿ-ಫ್ಲಾಟ್‌ಗೆ ಹೋಗುವಲ್ಲಿ ಕ್ಲಾರಿನೆಟ್‌ಗೆ ಬಿ ಮತ್ತು ಸಿ ಬೇಕು. ಇ ಮೇಜರ್‌ನಲ್ಲಿ ಸಿ-ಶಾರ್ಪ್ ಇರುವುದರಿಂದ ಅಲ್ಲಿ ನ್ಯಾಚುರಲ್ ಬರಬೇಕು. ಫ್ಲಾಟ್ ಉಳಿದರೆ ನುಡಿಸುವವರು ಸಿ-ಫ್ಲಾಟ್ ಎಂದು ಓದುತ್ತಾರೆ, ಅಂದರೆ ಬಿಯಿಂದ ಬಿಗೇ ಟ್ರಿಲ್! ಒಂದೇ ಚಿಹ್ನೆ ಒಂದು ಕೀಯಲ್ಲಿ ಸರಿ, ಇನ್ನೊಂದರಲ್ಲಿ ಅಸಂಬದ್ಧ. ಆದ್ದರಿಂದ ಪ್ರತಿ ಪಾರ್ಟ್ ತೆರೆದು ಪ್ರತಿ ಟ್ರಿಲ್ ಕಣ್ಣಾರೆ ನೋಡಬೇಕು.

ಕಾರ್ಡ್ ಹೆಸರುಗಳಿದ್ದರೆ ಅಲ್ಲೂ ಇದೇ ಕಥೆ. ಕಾರ್ಡ್ ಸಿಂಬಲ್ ಆಗಿ ಹಾಕಿದ ಸಿ7 ಆಲ್ಟೋದಲ್ಲಿ ಎ7 ಆಗುತ್ತದೆ. ಸಾದಾ ಪಠ್ಯವಾಗಿ ಟೈಪ್ ಮಾಡಿದ ಸಿ7 ಎಲ್ಲಿ ಹೋದರೂ ಸಿ7.

ಮೂರನೆಯದಕ್ಕೆ ಕಾರಣ ಪಠ್ಯದ ಜಾತಿ. ಕಂಟ್ರೋಲ್ + ಟಿ ಒತ್ತಿ ಬರೆದದ್ದು ಸ್ಟಾಫ್ ಟೆಕ್ಸ್ಟ್, ಆ ಸಾಲಿಗೆ ಮಾತ್ರ ಸೇರಿದ್ದು. ಕಂಟ್ರೋಲ್ + ಶಿಫ್ಟ್ + ಟಿ ಒತ್ತಿ ಬರೆದರೆ ಸಿಸ್ಟಮ್ ಟೆಕ್ಸ್ಟ್, ಸ್ಕೋರ್‌ನಲ್ಲಿ ಮೇಲೆ ಒಂದೇ ಕಡೆ ಕಂಡರೂ ಎಲ್ಲ ಪಾರ್ಟ್‌ಗೂ ಹೋಗುತ್ತದೆ. ವೇಗದ ಸೂಚನೆಗೆ ಟೆಂಪೊ ಪ್ಯಾಲೆಟ್ ಬಳಸಿದರೆ ಇನ್ನೂ ಒಳ್ಳೆಯದು, ಪ್ಲೇಬ್ಯಾಕೂ ಪಾಲಿಸುತ್ತದೆ.

ಪ್ರತಿಕಾರ

ಪಾರ್ಟ್ ಹೊರತೆಗೆಯುವ ಹಂತಕ್ಕೆ ಬಂದಿರುವುದರಿಂದ ಕೆಲವು ಮಾತು.

ಮೇಲಿನ ಪಾರ್ಟ್ಸ್ ಗುಂಡಿ ಒತ್ತಿ ಎಲ್ಲ ಪಾರ್ಟ್ ತೆರೆಯಿರಿ. ತೆರೆದ ಪ್ರತಿಯೊಂದರಲ್ಲೂ ಕೆಳಪಟ್ಟಿಯ ಕಾನ್ಸರ್ಟ್ ಪಿಚ್ ಗುಂಡಿ ನೋಡಿ. ಸ್ಕೋರ್‌ನಲ್ಲಿ ಆಫ್ ಇದೆ ಎಂದ ಮಾತ್ರಕ್ಕೆ ಪಾರ್ಟ್‌ನಲ್ಲೂ ಆಫ್ ಇದೆ ಎಂದುಕೊಳ್ಳಬಾರದು, ಪಾರ್ಟ್‌ನ ಸೆಟ್ಟಿಂಗ್ ಬೇರೆ. ಈ ಒಂದು ಗುಂಡಿಯಿಂದ ಕೆಟ್ಟಷ್ಟು ರಿಹರ್ಸಲ್ ಬೇರೆ ಯಾವುದರಿಂದಲೂ ಕೆಟ್ಟಿರಲಿಕ್ಕಿಲ್ಲ.

ಗೆರೆಗಳ ಅಳತೆ: ಮ್ಯೂಸ್‌ಸ್ಕೋರ್‌ನ ಸಹಜ ಸ್ಟಾಫ್ ಸ್ಪೇಸ್ 1.75 ಮಿಲಿಮೀಟರ್. ಐದು ಗೆರೆಗಳ ನಡುವೆ ನಾಲ್ಕು ಸ್ಪೇಸ್, ಅಂದರೆ ಸ್ಟಾಫ್ ಎತ್ತರ 7 ಮಿಲಿಮೀಟರ್. ಒಂದೇ ಸ್ಟ್ಯಾಂಡ್‌ಗೆ ಒಬ್ಬರಾದರೆ ನಡೆಯುತ್ತದೆ. ಬೆಳಕು ಕಡಿಮೆ ಇದ್ದರೆ ಫಾರ್ಮ್ಯಾಟ್ ಮೆನುವಿನ ಪೇಜ್ ಸೆಟ್ಟಿಂಗ್ಸ್‌ನಲ್ಲಿ 1.85ರಿಂದ 1.9ಕ್ಕೆ ಏರಿಸಿ. ಸ್ಕೋರ್‌ನಲ್ಲಿ ಮಾತ್ರ ಇದಕ್ಕಿಂತ ಚಿಕ್ಕದಾಗಿಸಬಹುದು.

ಪುಟ ತಿರುವುವುದು ಕೈ ಬಿಡುವಿರುವಾಗಲೇ ಆಗಬೇಕು. ಬಲಪುಟದ ಕೊನೆಯಲ್ಲಿ ರೆಸ್ಟ್ ಬರುವಂತೆ ಪೇಜ್ ಬ್ರೇಕ್ ಹಾಕಿ. ಪುಟದ ಕೆಳಗೆ ಎರಡು ಸಾಲು ಖಾಲಿ ಬಿದ್ದರೂ ಪರವಾಗಿಲ್ಲ. ಪಾರ್ಟ್‌ನಲ್ಲಿ ಹಾಕಿದ ಬ್ರೇಕ್ ಸ್ಕೋರ್‌ಗೆ ತಾಗುವುದಿಲ್ಲ, ಧೈರ್ಯವಾಗಿ ಹಾಕಿ. ತಿರುವಿದ ಕೂಡಲೇ ನುಡಿಸಬೇಕಿದ್ದರೆ ವಿ.ಎಸ್. (ವೋಲ್ತಿ ಸುಬಿತೊ, ಬೇಗ ತಿರುವಿ) ಎಂದು ಬರೆಯಿರಿ.

ಖಾಲಿ ಬಾರ್‌ಗಳು ಪಾರ್ಟ್‌ನಲ್ಲಿ ತಾವಾಗಿಯೇ ಒಟ್ಟುಗೂಡಿ ಮೇಲೆ ಅಂಕಿ ಬರುತ್ತದೆ. ರಿಹರ್ಸಲ್ ಮಾರ್ಕ್, ಜೋಡಿ ಬಾರ್‌ಗೆರೆ, ಟೆಂಪೊ ಬದಲಾವಣೆ ಇದ್ದಲ್ಲಿ ಅದು ಒಡೆಯುತ್ತದೆ, ಒಡೆಯಬೇಕು ಕೂಡ. 24 ಬಾರ್ ಒಂದೇ ಗಂಟಾಗಿ ಕೊಡುವುದಕ್ಕಿಂತ 8, 8, 8 ಎಂದು ರಿಹರ್ಸಲ್ ಮಾರ್ಕ್‌ನಲ್ಲಿ ಒಡೆದರೆ ಎಣಿಕೆ ತಪ್ಪಿದವರು ಸೇರಿಕೊಳ್ಳುತ್ತಾರೆ.

ಹಾರ್ನ್‌ಗೆ ಉದ್ದ ಬಿಡುವು ಇರುವುದರಿಂದ ಕ್ಯೂ ಸ್ವರ (ಯಾವಾಗ ಸೇರಬೇಕೆಂದು ತಿಳಿಸಲು ಚಿಕ್ಕದಾಗಿ ಬರೆದ ಬೇರೆ ವಾದ್ಯದ ಸ್ವರ) ಕೊಡಿ. ಫ್ಲೂಟ್ ಸಾಲಿನ ಎರಡು ಬಾರ್ ಕಾಪಿ ಮಾಡಿ ಹಾರ್ನ್ ಸಾಲಿನಲ್ಲಿ ಪೇಸ್ಟ್ ಮಾಡಿದರೆ ಕೇಳುವ ಸ್ವರ ಉಳಿದು ಬರೆದ ಸ್ವರ ಹಾರ್ನ್‌ನ ಶ್ರುತಿಗೆ ಬರುತ್ತದೆ. ಕ್ಯೂ ಇರಬೇಕಾದದ್ದೂ ಹಾಗೆಯೇ. ಕಿವಿಗೆ ಬೀಳುವುದನ್ನು ಹಾರ್ನ್‌ನವರು ತಮ್ಮ ಬೆರಳಿನ ಹೆಸರಿನಲ್ಲಿ ಓದಬೇಕು. ಆಮೇಲೆ ಪ್ರಾಪರ್ಟೀಸ್‌ನಲ್ಲಿ ಕ್ಯೂ ಅಳತೆ ಆರಿಸಿ, ಪ್ಲೇ ಮೇಲಿನ ಟಿಕ್ ತೆಗೆಯಿರಿ, ಮೇಲೆ ಫ್ಲೂಟ್ ಎಂದು ಬರೆಯಿರಿ. ಫ್ಲೂಟ್ ತೀರಾ ಮೇಲಿದ್ದರೆ ಒಂದು ಸ್ಥಾಯಿ ಇಳಿಸಿ ಕೊಟ್ಟರೂ ತಪ್ಪಿಲ್ಲ.

ಪಾರ್ಟ್‌ನ ತಲೆಯಲ್ಲಿ ಬರೀ ಕ್ಲಾರಿನೆಟ್ ಎಂದಿರಬಾರದು, ಬಿ-ಫ್ಲಾಟ್ ಕ್ಲಾರಿನೆಟ್ ಎಂದೇ ಇರಲಿ. ಫೈಲ್ ಹೆಸರಿನಲ್ಲೂ.

ಕೀಲಿಮಣೆ

ನಿಮ್ಮ ತಂಡದವರು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆಯುವುದಿದ್ದರೆ ಮ್ಯೂಸಿಕ್‌ಎಕ್ಸ್‌ಎಂಎಲ್ ಕಳಿಸುತ್ತೀರಿ. ಆ ಫೈಲಿನಲ್ಲಿ ಸಾಮಾನ್ಯವಾಗಿ ಬರೆದ ಸ್ವರ ಇರುತ್ತದೆ, ಜೊತೆಗೆ ಅದು ಎಷ್ಟು ಕೆಳಗೆ ಕೇಳುತ್ತದೆ ಎಂಬ ಟ್ರಾನ್ಸ್‌ಪೋಸ್ ಸೂಚನೆ. ಸೂಚನೆಯಲ್ಲಿ ಡಯಾಟೋನಿಕ್, ಕ್ರೊಮ್ಯಾಟಿಕ್ ಎಂಬ ಎರಡು ಅಂಕಿ. ಬಿ-ಫ್ಲಾಟ್ ಕ್ಲಾರಿನೆಟ್‌ಗೆ −1 ಮತ್ತು −2, ಆಲ್ಟೋಗೆ −5 ಮತ್ತು −9, ಎಫ್ ಹಾರ್ನ್‌ಗೆ −4 ಮತ್ತು −7. ಆಮದು ಮಾಡಿದ ಮೇಲೆ ಶ್ರುತಿ ತಪ್ಪಿದ್ದರೆ ಟೆಕ್ಸ್ಟ್ ಎಡಿಟರ್‌ನಲ್ಲಿ ಈ ಅಂಕಿಗಳನ್ನು ನೋಡಿ. ಟೆನರ್ ಸ್ಯಾಕ್ಸ್, ಟ್ರೆಬಲ್ ಕ್ಲೆಫ್‌ನ ಬೇಸ್ ಕ್ಲಾರಿನೆಟ್ ಇದ್ದರೆ −1, −2 ಜೊತೆಗೆ ಆಕ್ಟೇವ್ ಬದಲಾವಣೆ −1 ಇರಬೇಕು. ಅದು ಬಿಟ್ಟುಹೋದರೆ ಒಂದು ಸ್ಥಾಯಿ ಮೇಲೆ ಕೇಳುತ್ತದೆ.

ಇನ್ನೊಂದು ಸ್ವರಲಿಪಿ ಸಾಫ್ಟ್‌ವೇರ್ ಸಿಬೇಲಿಯಸ್‌ನಲ್ಲಿ ಟ್ರಾನ್ಸ್‌ಪೋಸಿಂಗ್ ಸ್ಕೋರ್ ಗುಂಡಿಗೆ ಕಂಟ್ರೋಲ್ + ಶಿಫ್ಟ್ + ಟಿ. ಮ್ಯೂಸ್‌ಸ್ಕೋರ್‌ನಲ್ಲಿ ಅದೇ ಕೀಲಿ ಸಿಸ್ಟಮ್ ಟೆಕ್ಸ್ಟ್ ಆದ್ದರಿಂದ ಎರಡನ್ನೂ ಬಳಸುವವರ ಕೈ ತಪ್ಪುವುದು ಸಹಜ. ಅಂಥದೇ ಸಾಫ್ಟ್‌ವೇರ್ ಫಿನಾಲೆಯ ಅಭಿವೃದ್ಧಿ ನಿಲ್ಲಿಸಿರುವುದಾಗಿ 2024ರ ಆಗಸ್ಟ್‌ನಲ್ಲಿ ಘೋಷಣೆಯಾಯಿತು. ಹಳೆಯ ಫಿನಾಲೆ ಫೈಲ್ ಇರುವವರು ಅದು ತೆರೆಯುತ್ತಿರುವಾಗಲೇ ಮ್ಯೂಸಿಕ್‌ಎಕ್ಸ್‌ಎಂಎಲ್ ಮತ್ತು ಪಿಡಿಎಫ್ ಎರಡನ್ನೂ ತೆಗೆದಿಟ್ಟುಕೊಳ್ಳಿ.

ಅಚ್ಚಾದ ಬಿ-ಫ್ಲಾಟ್ ಪಾರ್ಟನ್ನು ಸ್ಕ್ಯಾನ್ ಮಾಡಿ ತಂದಾಗ ಕ್ರಮ ತಿರುಗುಮುರುಗು. ಸಾಫ್ಟ್‌ವೇರ್ ಅದನ್ನು ಸಿ ವಾದ್ಯ ಎಂದುಕೊಂಡಿದ್ದರೆ ಮೊದಲು ಮೇಜರ್ ಸೆಕೆಂಡ್ ಕೆಳಕ್ಕೆ ಇಳಿಸಿ, ಆಮೇಲೆ ರಿಪ್ಲೇಸ್ ಇನ್‌ಸ್ಟ್ರುಮೆಂಟ್ ಮಾಡಿ. ನೇರವಾಗಿ ವಾದ್ಯ ಬದಲಿಸಿದರೆ ಈ ಥ್ರೆಡ್‌ನ ಮೊದಲ ಪ್ರಶ್ನೆಯ 6 ಶಾರ್ಪ್ ಪರಿಸ್ಥಿತಿಯೇ. ಕೈಯಿಂದ ಟೈಪ್ ಮಾಡುವುದಾದರೆ ಅಚ್ಚಾದ ಪಾರ್ಟ್ ನೋಡಿ ಹಾಕುವಾಗ ಕಾನ್ಸರ್ಟ್ ಪಿಚ್ ಆಫ್, ಸಿ ಸ್ಕೋರ್ ನೋಡಿ ಹಾಕುವಾಗ ಆನ್.

ಐದುಗೆರೆ

ಕೊನೆಯ ಪ್ರಶ್ನೆ. ತಂಡ ನಡೆಸುವವರಿಗೆ ಯಾವ ಸ್ಕೋರ್ ಕೊಡಲಿ, ಕಾನ್ಸರ್ಟ್ ಪಿಚ್‌ನದೋ ಟ್ರಾನ್ಸ್‌ಪೋಸ್ ಆದದ್ದೋ?

ಜೋಡಿರೀಡ್

ಟ್ರಾನ್ಸ್‌ಪೋಸ್ ಆದದ್ದು. ಆಲ್ಟೋದವರು ನನ್ನದು ಎಫ್ ನ್ಯಾಚುರಲ್ಲೋ ಶಾರ್ಪೋ ಎಂದು ಕೇಳಿದಾಗ ಸ್ಕೋರ್‌ನಲ್ಲೂ ಅದೇ ಎಫ್ ಕಾಣಬೇಕು.

ಪ್ರತಿಕಾರ

ಐದು ಸಾಲಿನ ಸ್ಕೋರ್‌ಗೆ ನಾನು ಕಾನ್ಸರ್ಟ್ ಪಿಚ್ ಕೊಡುತ್ತೇನೆ. ಹಾರ್ಮನಿಯಲ್ಲಿ ತಪ್ಪು ಸ್ವರ ಕೂಡಲೇ ಕಣ್ಣಿಗೆ ಬೀಳುತ್ತದೆ. ಯಾವುದನ್ನೇ ಕೊಟ್ಟರೂ ಮೊದಲ ಪುಟದಲ್ಲಿ ಅದು ಯಾವುದು ಎಂದು ಬರೆದಿರಿ. ಇದರಲ್ಲಿ ಖರ್ಚೇನೂ ಇಲ್ಲ: ಎಕ್ಸ್‌ಪೋರ್ಟ್‌ನಲ್ಲಿ ಸ್ಕೋರನ್ನು ಗುಂಡಿ ಆನ್ ಮಾಡಿ ಒಂದು ಪಿಡಿಎಫ್, ಆಫ್ ಮಾಡಿ ಇನ್ನೊಂದು ತೆಗೆಯಿರಿ, ಕೇಳಿದವರಿಗೆ ಕೇಳಿದ್ದು ಕೊಡಿ. ಪಾರ್ಟ್‌ಗಳನ್ನು ಪ್ರತ್ಯೇಕ ಫೈಲ್‌ಗಳಾಗಿ ತೆಗೆಯುವ ಆಯ್ಕೆ ಅದೇ ಡೈಲಾಗ್‌ನಲ್ಲಿದೆ. ಎಕ್ಸ್‌ಪೋರ್ಟ್ ಆದ ಮೇಲೆ ಪ್ರತಿ ಪಿಡಿಎಫ್‌ನ ಮೊದಲ ಕೀ ಸಿಗ್ನೇಚರ್ ನೋಡಿ: ಫ್ಲೂಟ್ ಮತ್ತು ಚೆಲ್ಲೊ 3 ಫ್ಲಾಟ್, ಕ್ಲಾರಿನೆಟ್ 1 ಫ್ಲಾಟ್, ಆಲ್ಟೋ ಖಾಲಿ, ಹಾರ್ನ್ 2 ಫ್ಲಾಟ್. ಇದಕ್ಕಿಂತ ಬೇರೆ ಏನೇ ಕಂಡರೂ ಪ್ರಿಂಟ್ ಒತ್ತಬೇಡಿ.